ಶೇಡಿಯ ಇಳಿಜಾರು: ಹಳೆಯ ಕಸದ ಗುಡ್ಡೆಯ ಕೆಳಗಿನ ನೀರು

ಕಾರವಾರ ತಾಲ್ಲೂಕಿನ ಒಂದು ಗುಡ್ಡದ ಓರೆಯಲ್ಲಿ ವರ್ಷಗಟ್ಟಲೆ ಕಸ ಸುರಿದು ಕೈಬಿಟ್ಟ ಜಾಗವನ್ನು ಶುದ್ಧಗೊಳಿಸುವ ಕೆಲಸಕ್ಕೆ ನಾನು ಸೇರಿದಾಗ, ಕೆಳಗಿನ ಕೇರಿಯ ಬಾವಿಯ ನೀರು ಸೇದುವಾಗ ತಿಳಿಯಾಗಿಯೇ ಕಾಣುತ್ತಿತ್ತು. ಕೊಡದಲ್ಲಿ ಒಂದು ರಾತ್ರಿ ಇಟ್ಟರೆ ಮೇಲೆ ಎಣ್ಣೆಯಂತಹ ಪೊರೆ, ತಳದಲ್ಲಿ ಕೆಂಪು ಗಸಿ. ಕಸ ಕೊಳೆಯುತ್ತ ನೆಲದೊಳಗಿನ ಆಮ್ಲಜನಕ ತೀರಿದಾಗ ಚಿರೆಕಲ್ಲಿನ ಕಬ್ಬಿಣವೇ ನೀರಿಗೆ ಕರಗುತ್ತದೆ; ಗಾಳಿ ತಾಗಿದೊಡನೆ ತುಕ್ಕಾಗಿ ತಳಕ್ಕಿಳಿಯುತ್ತದೆ.

ಸಮುದ್ರದ ಉಪ್ಪುನೀರು ನುಗ್ಗಿರಬೇಕೆಂದು ಸಂಬಂಧಪಟ್ಟ ಕಚೇರಿಯವರು ವಾದಿಸಿದರು. ಕ್ಲೋರೈಡ್ ಸಮುದ್ರದ ನೀರು, ಕಸದಿಂದ ಒಸರುವ ರಸ ಎರಡರಲ್ಲೂ ಹೆಚ್ಚಿರುವುದರಿಂದ ಅದೊಂದನ್ನೇ ನೋಡಿ ಉತ್ತರಿಸಲಾಗದು. ಆದರೆ ಸಮುದ್ರದ ನೀರಿನಲ್ಲಿ ಅಮೋನಿಯಾ ಅತ್ಯಲ್ಪ, ಪೊಟ್ಯಾಸಿಯಂ ಸೋಡಿಯಂನ ಸುಮಾರು 27ನೇ ಒಂದು ಪಾಲು ಮಾತ್ರ. ಕಸದ ರಸದಲ್ಲಿ ಇವೆರಡೂ ಏರಿರುತ್ತವೆ. ನಮ್ಮ ಮಾದರಿಗಳಲ್ಲಿ ಅಮೋನಿಯಾ, ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಲೀಟರಿಗೆ 0.5 ಮಿಲಿಗ್ರಾಂ ಮಿತಿಯನ್ನು ಬಹಳವೇ ಮೀರಿತ್ತು. ಕೇರಿಗೆ ನಲ್ಲಿನೀರು ಮೊದಲು, ಉಳಿದದ್ದೆಲ್ಲ ಆಮೇಲೆ ಎಂದು ನಾನು ಪಟ್ಟು ಹಿಡಿದೆ.

ತಪ್ಪು ನನ್ನದೂ ಆಯಿತು. ರಸ ಹರಿಯುವ ದಾರಿ ತಿಳಿಯಲು ನೆಲದ ಇಳಿಜಾರನ್ನು ನಂಬಿ ತೋಡಿಸಿದ ಪರೀಕ್ಷಾ ಬಾವಿಗಳಲ್ಲಿ ಶುದ್ಧ ನೀರೇ ಸಿಕ್ಕಿತು. ಚಿರೆಕಲ್ಲಿನ ತೂತುಗಳಲ್ಲಿ ಸಲೀಸಾಗಿ ಇಳಿಯುವ ನೀರು ಅಡಿಯ ಶೇಡಿ ಎಂಬ ನುಣುಪು ಜೇಡಿಮಣ್ಣಿನ ಪದರದಲ್ಲಿ ತಡೆದು ನಿಂತು ಅದರ ಮೇಲೆಯೇ ಸರಿಯುತ್ತದೆ, ಆದ್ದರಿಂದ ನೋಡಬೇಕಾದದ್ದು ಶೇಡಿಯ ಓರೆಯನ್ನು ಎಂದು ಬಾವಿ ತೋಡುವ ಹಿರಿಯರೊಬ್ಬರು ತಿದ್ದಿದರು. ಮತ್ತೆ ಕೊರೆದು ನೋಡಿದರೆ ಅಲ್ಲಿ ಶೇಡಿ ಬಡಗಣಕ್ಕೆ, ನೇರವಾಗಿ ಕೇರಿಯ ಬಾವಿಯತ್ತ ವಾಲಿತ್ತು.

ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಈ ಕರಾವಳಿಯಲ್ಲಿ ಹೊರಗಿನ ನೀರನ್ನು ತಡೆಯದೆ ಮಾಡುವ ಯಾವ ಶುದ್ಧೀಕರಣವೂ ನಿಲ್ಲದು. ಜೂನ್‌ಗೆ ಮೊದಲೇ ಗುಡ್ಡೆಯ ಮೇಲ್ಬದಿಗೆ ಕಾಲುವೆ ತೋಡಿದೆವು. ಕೆಳಬದಿಯಲ್ಲಿ ಶೇಡಿ ಮುಟ್ಟುವವರೆಗೆ ಕಂದಕ ಅಗೆದು ಜಲ್ಲಿ ತುಂಬಿ, ಅಲ್ಲಿ ಸೇರಿದ ರಸವನ್ನು ಪಂಪಿನಿಂದ ಎತ್ತಿ, ಗಾಳಿಯಾಡಿಸಿ, ಕಬ್ಬಿಣವನ್ನು ತಳಕ್ಕಿಳಿಸಿ, ಜೊಂಡು ಬೆಳೆಸಿದ ಹೊಂಡಗಳ ಮೂಲಕ ಹಾಯಿಸಿದೆವು. ಬೇಸಿಗೆಗಳಲ್ಲಿ ಹಳೆಯ ಕಸವನ್ನು ಸಾಲುಗಟ್ಟಿ ತಿರುವಿ, ಒಣಗಿಸಿ, ತಿರುಗುವ ಜರಡಿಯಲ್ಲಿ ಬೇರ್ಪಡಿಸಿದೆವು. ಉರಿಯಬಲ್ಲ ಪ್ಲಾಸ್ಟಿಕ್ ಸಿಮೆಂಟ್ ಕಾರ್ಖಾನೆಗೆ ಹೋಯಿತು. ಜರಡಿಯಿಂದ ಉದುರಿದ ಕಪ್ಪು ಮಣ್ಣನ್ನು ಅಡಿಕೆ ತೋಟಕ್ಕೆ ಕೇಳಿದವರಿದ್ದರು. ಸೀಸ, ಕ್ಯಾಡ್ಮಿಯಂ ಪರೀಕ್ಷೆಯಿಲ್ಲದೆ ಒಂದು ಬುಟ್ಟಿಯನ್ನೂ ಕೊಡಲಿಲ್ಲ.

ಜುಲೈನಲ್ಲಿ ತೆಗೆದ ಮಾದರಿಯನ್ನು ನಾನು ನಂಬುವುದಿಲ್ಲ. ಮಳೆನೀರು ಬೆರೆತು ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ನೀರು ತಳ ಕಂಡಿದ್ದ ಕಳೆದ ಮೇ ತಿಂಗಳಲ್ಲಿ ಅಮೋನಿಯಾ ಸಾಕಷ್ಟು ಇಳಿದಿತ್ತು, ಕಬ್ಬಿಣ ಇನ್ನೂ ಇಳಿದಿರಲಿಲ್ಲ. ಕೇರಿಯವರು ಆ ಬಾವಿನೀರನ್ನು ಅಬ್ಬಲಿಗೆ ಗಿಡಗಳಿಗೆ ಹಾಕುತ್ತಾರೆ, ಕುಡಿಯುವುದಿಲ್ಲ.