ಬಳ್ಳಾರಿ ಕಡೆಯವರು ಕ್ಯಾನ್ಸರ್ ಸಂಶೋಧನೆಗೆ ತಯಾರಾಗುವುದು ಹೇಗೆ

"ಅಕ್ಕಾ, ನಾನು ಓದ್ತಿರೋದು ಬರೀ ಜುವಾಲಜಿ. ಕ್ಯಾನ್ಸರ್ ಬಯಾಲಜಿಯಲ್ಲಿ ಪಿಎಚ್‌ಡಿ ಸಿಗುತ್ತಾ?" ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಎಂಎಸ್ಸಿ ಮಕ್ಕಳು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಸಿಗುತ್ತದೆ. ಜುವಾಲಜಿ, ಬಯೋಕೆಮಿಸ್ಟ್ರಿ, ಬಯೋಟೆಕ್, ಮೈಕ್ರೋಬಯಾಲಜಿ, ಯಾವುದಾದರೂ ನಡೆಯುತ್ತದೆ. ಸಂದರ್ಶನದಲ್ಲಿ ಡಿಗ್ರಿಯ ಹೆಸರಿನ ಮೇಲೆ ಯಾರೂ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಒಂದು ಪ್ರಶ್ನೆ ಹಿಡಿದು ಎಷ್ಟು ದೂರ ಯೋಚಿಸುತ್ತೀರಿ, ಲ್ಯಾಬಿನಲ್ಲಿ ಕೈ ಪಳಗಿದೆಯಾ, ಇದನ್ನು ಕೆದಕಿ ಕೆದಕಿ ಕೇಳುತ್ತಾರೆ.

ಮೊದಲು ಪ್ರಶ್ನೆಯ ವಿಷಯ. ಇದಕ್ಕೆ ಲ್ಯಾಪ್‌ಟಾಪ್, ಇಂಟರ್ನೆಟ್ ಇದ್ದರೆ ಸಾಕು, ದುಡ್ಡು ಬೇಡ. ಸಿಬಯೋಪೋರ್ಟಲ್ ಅಂತ ಒಂದು ವೆಬ್‌ಸೈಟ್ ಇದೆ. ಟಿಸಿಜಿಎ ಎಂಬ ಅಮೆರಿಕದ ಯೋಜನೆಯವರು 33 ಬಗೆಯ ಕ್ಯಾನ್ಸರ್‌ಗೆ ಸೇರಿದ 11,000ಕ್ಕೂ ಹೆಚ್ಚು ರೋಗಿಗಳ ಗಡ್ಡೆಗಳಿಂದ ಕಲೆಹಾಕಿದ ಜೀನ್ ಮಾಹಿತಿಯನ್ನು ಅಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ತಲೆ ಮತ್ತು ಕತ್ತಿನ ಕ್ಯಾನ್ಸರ್ ಆಯ್ದುಕೊಳ್ಳಿ, ಬಾಯಿ ಕ್ಯಾನ್ಸರೂ ಅದರಲ್ಲೇ ಬರುತ್ತದೆ. ಜೀನ್ ಹೆಸರಿನ ಜಾಗದಲ್ಲಿ ಟಿಪಿ53 ಅಂತ ಹಾಕಿ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಸೆಲ್ (ಜೀವಕೋಶ) ಎರಡಾಗುವುದನ್ನು ತಡೆದು ನಿಲ್ಲಿಸುವ ಪಿ53 ಪ್ರೋಟೀನ್ ಈ ಜೀನಿನದು. ಬಹಳಷ್ಟು ರೋಗಿಗಳಲ್ಲಿ ಇದು ಕೆಟ್ಟಿರುವುದು ಪರದೆ ಮೇಲೆ ಸಾಲಾಗಿ ಕಾಣುತ್ತದೆ. ಈಗ ಎಚ್‌ಪಿವಿ ವೈರಸ್ ಇದ್ದ ಗಡ್ಡೆಗಳನ್ನು ಬೇರೆ ಮಾಡಿ ನೋಡಿ. ಅವುಗಳಲ್ಲಿ ಟಿಪಿ53 ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ. ಯಾಕೆ? ಆ ವೈರಸ್ಸಿನ ಇ6 ಪ್ರೋಟೀನ್, ಪಿ53 ತಯಾರಾಗುತ್ತಿದ್ದಂತೆ ಅದನ್ನು ನಾಶ ಮಾಡಿಸುತ್ತದೆ. ಪ್ರೋಟೀನೇ ಉಳಿಯದಿದ್ದಾಗ ಜೀನ್ ಕೆಡಬೇಕಾದ ಅಗತ್ಯವೇ ಇಲ್ಲ, ಅಲ್ವಾ? ಇದನ್ನು ಮೊದಲ ಸಲ ಕಂಡಾಗ ನನಗೆ ರಾತ್ರಿ ಇಡೀ ನಿದ್ದೆ ಬರಲಿಲ್ಲ.

ಅಲ್ಲಿಂದ ನಮ್ಮೂರಿಗೆ ಬನ್ನಿ. ಬಸ್ ಸ್ಟ್ಯಾಂಡಿನ ಪಾನ್ ಅಂಗಡಿಯಲ್ಲಿ ಸಂಜೆ ಒಂದು ಗಂಟೆ ನಿಂತರೆ ಗುಟ್ಕಾ, ಅಡಿಕೆ, ತಂಬಾಕು ಎಷ್ಟು ಹೋಗುತ್ತದೆ ಗೊತ್ತಾಗುತ್ತದೆ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಐಎಆರ್‌ಸಿ ಎಷ್ಟೋ ವರ್ಷಗಳ ಹಿಂದೆಯೇ ಹೇಳಿದೆ. ಟಿಸಿಜಿಎ ರೋಗಿಗಳಲ್ಲಿ ಹೆಚ್ಚಿನವರು ಯೂರೋಪ್ ಮೂಲದವರು. ಹಾಗಾದರೆ ಅಡಿಕೆ ಅಗಿಯುವ ನಮ್ಮವರ ಗಡ್ಡೆಯಲ್ಲಿ ಅದೇ ಜೀನ್‌ಗಳು ಅದೇ ರೀತಿ ಕೆಟ್ಟಿರುತ್ತವಾ? ಇಂಥ ಒಂದು ಪ್ರಶ್ನೆ ಇಟ್ಟುಕೊಂಡು, ಸಂಶೋಧನಾ ಲೇಖನಗಳನ್ನು ಹುಡುಕುವ ಪಬ್‌ಮೆಡ್ ವೆಬ್‌ಸೈಟಿನಲ್ಲಿ ಹತ್ತು ಲೇಖನ ಓದಿ. ಇಂಗ್ಲಿಷ್ ಕಷ್ಟ ಅನ್ನಿಸಿದರೆ ಪ್ರತಿ ಚಿತ್ರದ ಕೆಳಗೆ ಏನು ಮಾಡಿದರು, ಏನು ಕಂಡರು ಅಂತ ಎರಡು ಸಾಲು ಕನ್ನಡದಲ್ಲಿ ಬರೆದುಕೊಳ್ಳಿ. ಕನ್ನಡ ಮೀಡಿಯಂನಿಂದ ಬಂದ ನಾನು ಓದಿದ್ದೇ ಹೀಗೆ.

ಇನ್ನು ಲ್ಯಾಬ್. ರಾಯಚೂರಿನವರಿಗೆ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆ ಹತ್ತಿರ. ಕೊಪ್ಪಳ, ಬಳ್ಳಾರಿಯವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು, ಅಲ್ಲಿ ಐಐಎಸ್‌ಸಿ, ಜೆಎನ್‌ಸಿಎಎಸ್‌ಆರ್, ಎನ್‌ಸಿಬಿಎಸ್ ಇವೆ. ಕ್ಯಾನ್ಸರ್‌ಗೆಂದೇ ಇರುವ ಜಾಗ ಬೇಕಿದ್ದರೆ ನವಿ ಮುಂಬೈನ ಖಾರ್ಘರ್‌ನಲ್ಲಿ ಟಾಟಾ ಮೆಮೋರಿಯಲ್‌ನವರ ಆಕ್ಟ್ರೆಕ್ ಇದೆ. ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್‌ಗೆ ದಸರಾ, ದೀಪಾವಳಿ ಹೊತ್ತಿನಲ್ಲೇ ವೆಬ್‌ಸೈಟ್ ನೋಡುತ್ತಿರಿ. ಬೇಸಿಗೆ ಬಂದ ಮೇಲೆ ಹುಡುಕಿದರೆ ತಡವಾಗಿರುತ್ತದೆ.

ನೇರವಾಗಿ ಪ್ರೊಫೆಸರ್‌ಗೆ ಮೇಲ್ ಮಾಡುವುದಾದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯಿರಿ. ಒಂದೇ ಪತ್ರವನ್ನು ಐವತ್ತು ಜನಕ್ಕೆ ಕಳಿಸಿದರೆ ಓದುವವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಬರೆಯಿರಿ, ಆದರೆ ಒಳಗಿನ ಮಾತು ಇಷ್ಟೇ ಇರಲಿ: "ನಾನು ಬಳ್ಳಾರಿಯಲ್ಲಿ ಎಂಎಸ್ಸಿ ಎರಡನೇ ಸೆಮಿಸ್ಟರ್. ನಿಮ್ಮ ಈ ಲೇಖನ ಓದಿದೆ. ಮೂರನೇ ಚಿತ್ರದಲ್ಲಿ ಔಷಧಿ ಕೊಟ್ಟ ಮೇಲೂ ಸ್ವಲ್ಪ ಸೆಲ್‌ಗಳು ಉಳಿದಿವೆ, ಅವು ಯಾಕೆ ಉಳಿದವು ಅಂತ ಯೋಚಿಸುತ್ತಿದ್ದೇನೆ. ಪಿಸಿಆರ್ ಮಾಡಿದ್ದೇನೆ, ಸೆಲ್ ಕಲ್ಚರ್ ಮಾಡಿಲ್ಲ. ಮೇ, ಜೂನ್ ಎರಡು ತಿಂಗಳು ಬರಬಲ್ಲೆ." ಮಾಡದೇ ಇರುವುದನ್ನು ಮಾಡಿದ್ದೇನೆ ಅಂತ ಮಾತ್ರ ಬರೆಯಬೇಡಿ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಇನ್ನೊಮ್ಮೆ ಕಳಿಸಿ, ಅದು ಮರ್ಯಾದೆ ಬಿಟ್ಟಂತೆ ಅಲ್ಲ.

ಲ್ಯಾಬಿಗೆ ಹೋದ ಮೇಲೆ ನೀವು ಮೊದಲು ಮುಟ್ಟುವುದು ಬಹುಶಃ ಹೀಲಾ ಸೆಲ್‌ಗಳು. 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಹೆಣ್ಣುಮಗಳ ಗರ್ಭಕಂಠದ ಗಡ್ಡೆಯಿಂದ, ಆಕೆಯ ಒಪ್ಪಿಗೆ ಕೇಳದೆ ತೆಗೆದವು. ಅವುಗಳ ಒಳಗಿರುವುದೂ ಎಚ್‌ಪಿವಿಯೇ. ಸೆಲ್ ಎಣಿಸುವುದನ್ನು ಚೆನ್ನಾಗಿ ಕಲಿಯಿರಿ. ಸೆಲ್ ಇರುವ ದ್ರವಕ್ಕೆ ಅಷ್ಟೇ ಟ್ರೈಪಾನ್ ಬ್ಲೂ ಎಂಬ ಬಣ್ಣ ಬೆರೆಸಿ, ಸೆಲ್ ಎಣಿಸಲೆಂದೇ ಚೌಕ ಚೌಕ ಗೆರೆ ಕೊರೆದ ನ್ಯೂಬಾಯರ್ ಚೇಂಬರ್‌ನ ಗಾಜಿನಡಿ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸತ್ತವು ನೀಲಿಯಾಗಿ, ಬದುಕಿರುವವು ಹೊಳೆಯುತ್ತಾ ದುಂಡಗೆ ಕಾಣುತ್ತವೆ. ನಾಲ್ಕು ಮೂಲೆಗಳಲ್ಲಿರುವ ನಾಲ್ಕು ದೊಡ್ಡ ಚೌಕಗಳಲ್ಲಿ ಬದುಕಿರುವವನ್ನು ಎಣಿಸಿ. ಗೆರೆಯ ಮೇಲೆ ಕೂತವುಗಳಲ್ಲಿ ಮೇಲಿನ ಮತ್ತು ಎಡಗಡೆ ಗೆರೆಯವನ್ನು ಮಾತ್ರ ಸೇರಿಸಿ, ಇಲ್ಲದಿದ್ದರೆ ಒಂದೇ ಸೆಲ್ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ನಾಲ್ಕೂ ಸೇರಿ 200 ಬಂತು ಅಂದುಕೊಳ್ಳಿ. ಸರಾಸರಿ 50, ಬಣ್ಣ ಬೆರೆಸಿದ್ದಕ್ಕೆ ಎರಡರಿಂದ ಗುಣಿಸಿ, ಆಮೇಲೆ 10,000ದಿಂದ. ಒಂದು ಎಂಎಲ್‌ನಲ್ಲಿ 10 ಲಕ್ಷ. ಇಲ್ಲಿ ತಪ್ಪಿದರೆ ಮುಂದೆ ಔಷಧಿ ಕೊಟ್ಟು ಮಾಡುವ ಪ್ರತಿ ಪ್ರಯೋಗವೂ ತಪ್ಪು.

ನಾನು ಕಲಿತ ಲ್ಯಾಬಿನಲ್ಲಿ ಒಂದು ಸಲ ಮೂರು ತಿಂಗಳ ಕೆಲಸ ಪೂರ್ತಿ ಬಿಸಾಡಬೇಕಾಯಿತು. ಸೆಲ್‌ಗಳಿಗೆ ಮೈಕೋಪ್ಲಾಸ್ಮಾ ಹತ್ತಿತ್ತು. ಆ ಬ್ಯಾಕ್ಟೀರಿಯಾ ಎಷ್ಟು ಸಣ್ಣದೆಂದರೆ ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ, ಸೆಲ್ ಬೆಳೆಸುವ ದ್ರವ (ಮೀಡಿಯಾ) ಕದಡುವುದಿಲ್ಲ, ಸೆಲ್ ಬೆಳೆಯುತ್ತಲೇ ಇರುತ್ತದೆ, ಫಲಿತಾಂಶ ಮಾತ್ರ ಸುಮ್ನೆ ಕೆಡುತ್ತಾ ಹೋಗುತ್ತದೆ. ಯಾವ ಲ್ಯಾಬಿಗೆ ಹೋದರೂ ಮೈಕೋಪ್ಲಾಸ್ಮಾ ಟೆಸ್ಟ್ ಕೊನೆಗೆ ಯಾವಾಗ ಮಾಡಿದರು ಅಂತ ಕೇಳಿ. ಪ್ರತಿ ದಿನದ್ದನ್ನು ಅದೇ ದಿನ, ತಾರೀಖು ಹಾಕಿ, ಪೆನ್ನಿನಲ್ಲಿ ನೋಟ್‌ಬುಕ್ಕಿಗೆ ಬರೆಯಿರಿ.

ಪಿಎಚ್‌ಡಿಗೆ ಬರೆಯಬೇಕಾದ ಪರೀಕ್ಷೆಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸಿಎಸ್‌ಐಆರ್ ನೆಟ್ ಲೈಫ್ ಸೈನ್ಸಸ್, ಗೇಟ್, ಡಿಬಿಟಿಯ ಬೆಟ್, ಜೀಬಿಲ್ಸ್, ಇವುಗಳಲ್ಲಿ ಎರಡನ್ನಾದರೂ ಬರೆಯಿರಿ. ನೆಟ್‌ನ 200 ಅಂಕದಲ್ಲಿ 100 ಪಾರ್ಟ್ ಸಿಯದ್ದು, ಅಲ್ಲಿ ಬಾಯಿಪಾಠ ನಡೆಯುವುದಿಲ್ಲ, ಪ್ರಯೋಗದ ಫಲಿತಾಂಶ ಕೊಟ್ಟು ಅರ್ಥ ಕೇಳುತ್ತಾರೆ. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ 2023ರ ಜನವರಿಯಿಂದ ಜಾರಿಯಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. "ಇನ್ನೂ ಎಷ್ಟು ವರ್ಷ ಓದ್ತೀಯವ್ವಾ" ಅನ್ನುವ ಅಪ್ಪ ಅಮ್ಮನಿಗೆ ಈ ಲೆಕ್ಕವನ್ನು ಕೂತು ಹೇಳಿ, ಐದಾರು ವರ್ಷ ಹಿಡಿಯುತ್ತದೆ ಅನ್ನುವುದನ್ನೂ ಮುಚ್ಚಿಡಬೇಡಿ.

ಗೈಡ್ ಆರಿಸುವಾಗ ಸಂಸ್ಥೆಯ ಹೆಸರಿಗಿಂತ ಆ ಲ್ಯಾಬಿನ ಮಕ್ಕಳ ಮಾತು ಮುಖ್ಯ. ಗೈಡ್ ಎದುರಿಗೆ ಇಲ್ಲದಾಗ, ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾ ಕೇಳಿ: ಹೋದ ಸಲದವರು ಎಷ್ಟು ವರ್ಷಕ್ಕೆ ಮುಗಿಸಿದರು, ಫೆಲೋಶಿಪ್ ತಡವಾದಾಗ ಏನು ಮಾಡಿದರು, ಪ್ರಯೋಗ ಕೆಟ್ಟಿತು ಅಂತ ಹೇಳಿದರೆ ಬೈಯುತ್ತಾರಾ, ಕೂತು ನೋಡುತ್ತಾರಾ. ಕೊನೆಯ ಪ್ರಶ್ನೆಗೆ ಅವರು ಉತ್ತರ ಕೊಡದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಬೇರೆ ಲ್ಯಾಬಿಗೂ ಮೇಲ್ ಬರೆಯಿರಿ.