ಒಂದೂವರೆ ಗಂಟೆ ಎಂದರೆ 1.30 ಅಲ್ಲ

ಬಿಲ್ ಮೊತ್ತ ತಿಂಗಳು ತಿಂಗಳೂ ಕಡಿಮೆ ಬರುತ್ತಿದ್ದುದಕ್ಕೆ ಕಾರಣ ಒಂದು ಚುಕ್ಕೆ. ಟೈಮ್‌ಶೀಟಿನಲ್ಲಿ ಒಂದೂವರೆ ಗಂಟೆಯನ್ನು 1.30 ಎಂದು ಬರೆದು ಹಾಗೇ ಟ್ಯಾಲಿಗೆ (ಬಿಲ್, ಲೆಕ್ಕಪತ್ರದ ಸಾಫ್ಟ್‌ವೇರ್) ಏರಿಸಿದರೆ, ಲೆಕ್ಕಕ್ಕೆ ಸಿಗುವುದು ಒಂದು ಗಂಟೆ ಹದಿನೆಂಟು ನಿಮಿಷ. ಗಂಟೆಗೆ ₹1,200ರಂತೆ ₹1,800 ಆಗಬೇಕಾದದ್ದು ₹1,560. ಮುಕ್ಕಾಲು ಗಂಟೆಯನ್ನು 0.45 ಎಂದರೆ ಏಟು ಇನ್ನೂ ಜೋರು: ₹900ರ ಜಾಗದಲ್ಲಿ ₹540.

ಎಕ್ಸೆಲ್‌ನಲ್ಲಿ ಶುರುವಾದ, ಮುಗಿದ ವೇಳೆಯನ್ನು 10:15, 11:45 ಎಂದು ಕೋಲನ್ ಹಾಕಿಯೇ ಬರೆಯಬೇಕು. ವ್ಯತ್ಯಾಸವನ್ನು 24ರಿಂದ ಗುಣಿಸಬೇಕು, ಏಕೆಂದರೆ ಎಕ್ಸೆಲ್ ವೇಳೆಯನ್ನು ದಿನದ ಭಾಗವಾಗಿ ಇಟ್ಟುಕೊಳ್ಳುತ್ತದೆ. ಕಾಲಮ್ಮಿನ ಫಾರ್ಮ್ಯಾಟ್ 'ನಂಬರ್' ಇರಲಿ, ಮರೆತರೆ 1.50 ಬದಲು 12:00 ಕಂಡು ತಲೆಕೆಡುತ್ತದೆ.

ಟ್ಯಾಲಿಯಲ್ಲಿ ಸೇವೆಗೊಂದು ಸ್ಟಾಕ್ ಐಟಂ, 'ಗಂಟೆ' ಎಂಬ ಯೂನಿಟ್, ದಶಮಾಂಶ ಸ್ಥಾನ 2. ಅಲ್ಲಿ ಸೊನ್ನೆ ಎಂದೇ ಇದ್ದರೆ ಅರ್ಧ ಗಂಟೆಗೆ ಜಾಗವೇ ಇಲ್ಲ. ಟೈಪ್ ಆಫ್ ಸಪ್ಲೈ 'ಸರ್ವಿಸಸ್'.

ಕರ್ನಾಟಕದಿಂದ ಕೊಡುವ, ಶೇ. 18 ಜಿಎಸ್‌ಟಿ ಇರುವ ಸೇವೆಗೆ, ಜಿಎಸ್‌ಟಿ ನೋಂದಣಿ ಇರುವ ಬೆಂಗಳೂರಿನ ಗಿರಾಕಿಯಾದರೆ 9+9 (ಕೇಂದ್ರದ್ದು 9, ರಾಜ್ಯದ್ದು 9). ಹೊಸೂರು ಎಷ್ಟೇ ಹತ್ತಿರವಿದ್ದರೂ ತಮಿಳುನಾಡು, ಅಲ್ಲಿಗೆ ಐಜಿಎಸ್‌ಟಿ (ಬೇರೆ ರಾಜ್ಯಕ್ಕೆ ಕೊಡುವ ಸೇವೆಯ ಜಿಎಸ್‌ಟಿ), ಪೂರ್ತಿ 18. ಹಳೆಯ ಬಿಲ್ಲುಗಳನ್ನು ತಿದ್ದಲು ಹೋಗಬೇಡಿ. ಕಡಿಮೆಯಾದ ಮೊತ್ತಕ್ಕೆ ಡೆಬಿಟ್ ನೋಟ್ (ಬಿಲ್ಲಿನಲ್ಲಿ ಕಡಿಮೆ ಬಿದ್ದದ್ದನ್ನು ಕೇಳುವ ಪತ್ರ) ಕೊಡಿ.