ಆಸ್ಪತ್ರೆ ಕೆಲಸಕ್ಕೆ ಮೆಡಿಕಲ್: ಸೋಮವಾರವೇ ಶುರುಮಾಡಿ

ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸೋ, ಲ್ಯಾಬ್ ಟೆಕ್ನಿಷಿಯನ್ನೋ ಆಗಿ ಕೆಲಸ ಸಿಕ್ಕ ಕೂಡಲೇ, ಒಂದೇ ದಿನದಲ್ಲಿ ಮೆಡಿಕಲ್, ಅಂದರೆ ಕೆಲಸಕ್ಕೆ ಸೇರುವ ಮುಂಚಿನ ಆರೋಗ್ಯ ತಪಾಸಣೆ, ಮುಗಿಸಿ ಬರುತ್ತೇನೆಂದು ಮಡಿಕೇರಿ ಬಸ್ ಹತ್ತುವವರೇ ಹೆಚ್ಚು. ಅದು ಆಗದ ಮಾತು. ಒಂದು ವಾರ ಕೈಯಲ್ಲಿಟ್ಟುಕೊಳ್ಳಿ.

ಮೊದಲು ಲಸಿಕೆಯ ಹಳೇ ಚೀಟಿಗಳನ್ನು ಹುಡುಕಿ ತೆಗೆದಿಡಿ. ತಾಯಿ ಕಾರ್ಡ್ ಸಿಕ್ಕರೆ ಅದೂ ಇರಲಿ.

ಬಿಪಿ, ಕಣ್ಣು, ರಕ್ತ, ಮೂತ್ರ ಕಷ್ಟದ್ದೇನಲ್ಲ. ಖಾಲಿ ಹೊಟ್ಟೆಯ ಶುಗರ್ ಟೆಸ್ಟ್‌ಗೆ ಕನಿಷ್ಠ 8 ಗಂಟೆ ನೀರು ಬಿಟ್ಟು ಬೇರೇನೂ ಬೇಡ. ಬೆಲ್ಲದ ಕರಿ ಕಾಫಿ ಕುಡಿದು ಬಂದು 'ಹಾಲು ಹಾಕಿಲ್ಲವಲ್ಲ' ಎಂದರೆ ನಡೆಯುವುದಿಲ್ಲ. ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟರಂದು ಮಾಡುವ ಮದ್ದು ಸೊಪ್ಪಿನ ಪಾಯಸ ತಿಂದಿದ್ದರೆ ಮೂತ್ರ ಕೆಂಪಾಗುತ್ತದೆ. ಲ್ಯಾಬಿನವರಿಗೆ ಮೊದಲೇ ಹೇಳಿ, ಇಲ್ಲವೇ ಎರಡು ದಿನ ಬಿಟ್ಟು ಕೊಡಿ.

ಎಲ್ಲರೂ ಎಡವುವುದು ಕ್ಷಯದ ಮಾಂಟೂ ಟೆಸ್ಟ್‌ನಲ್ಲಿ. ಮುಂಗೈ ಒಳಭಾಗದಲ್ಲಿ ಚರ್ಮದ ಪದರದೊಳಕ್ಕೇ 0.1 ಮಿ.ಲೀ. ಮದ್ದು ಹಾಕುತ್ತಾರೆ. ಆಗಲೇ ಸೊಳ್ಳೆ ಕಚ್ಚಿದಂಥ ಬೆಳ್ಳನೆಯ ಬೊಕ್ಕೆ 6ರಿಂದ 10 ಮಿ.ಮೀ. ಏಳಬೇಕು. ಏಳದಿದ್ದರೆ ಮದ್ದು ಆಳಕ್ಕಿಳಿದಿದೆ ಎಂದರ್ಥ. ಸಂಕೋಚ ಬಿಟ್ಟು ಅಲ್ಲೇ ಹೇಳಿ, ಬೇರೆ ಜಾಗಕ್ಕೆ ಹಾಕಿಸಿಕೊಳ್ಳಿ. ಕೆರೆಯಬೇಡಿ, ಉಜ್ಜಬೇಡಿ, ಎಣ್ಣೆ ಮುಲಾಮು ಯಾವುದೂ ಬೇಡ.

ಫಲಿತಾಂಶ ನೋಡಬೇಕಾದ್ದು 48ರಿಂದ 72 ಗಂಟೆಯೊಳಗೆ. ಶುಕ್ರವಾರ ಚುಚ್ಚಿಸಿಕೊಂಡರೆ ಭಾನುವಾರ ನೋಡುವವರಿಲ್ಲ; ಸೋಮವಾರ ಮಳೆಗೆ ರಸ್ತೆಗೆ ನೀರು ಬಂದು ಬಸ್ ನಿಂತರೆ ಗಡುವೂ ಮುಗಿಯಿತು, ಮತ್ತೆ ಮೊದಲಿಂದ. ಅದಕ್ಕೇ ಸೋಮವಾರ ಎಂದದ್ದು. ಕೈಯ ಫೋಟೊ ವಾಟ್ಸ್‌ಆ್ಯಪ್ ಮಾಡಿದರೆ ಪ್ರಯೋಜನವಿಲ್ಲ, ಏಕೆಂದರೆ ಅಳೆಯುವುದು ಕೆಂಪನ್ನಲ್ಲ, ಗಟ್ಟಿಯಾದ ಭಾಗವನ್ನು. ಬೆರಳಿನಿಂದ ಸವರಿ, ಎರಡೂ ಅಂಚಿಗೆ ಪೆನ್ನಿನಲ್ಲಿ ಗುರುತು ಹಾಕಿ, ಕೈಗೆ ಅಡ್ಡಲಾಗಿ ಅಳೆಯಬೇಕು. ವರದಿಯಲ್ಲಿ ಬರೀ 'ನೆಗೆಟಿವ್' ಎಂದಿದ್ದರೆ ಒಪ್ಪಬೇಡಿ, ಅಳತೆಯನ್ನೇ ಬರೆಸಿಕೊಳ್ಳಿ; ಗಟ್ಟಿ ಭಾಗವೇ ಇಲ್ಲದಿದ್ದರೆ '0 ಮಿ.ಮೀ.' ಎಂದು. 10 ಮಿ.ಮೀ. ದಾಟಿ ಪಾಸಿಟಿವ್ ಎಂದರೂ ಗಾಬರಿ ಬೇಡ. ಅದೊಂದರಿಂದಲೇ ಕಾಯಿಲೆ ಇದೆ ಎಂದಾಗುವುದಿಲ್ಲ, ಕ್ಷಯದ ಲಸಿಕೆ ಬಿಸಿಜಿ ಹಾಕಿಸಿಕೊಂಡವರಲ್ಲೂ ಬರಬಹುದು. ಎದೆಯ ಎಕ್ಸ್‌ರೇ ತೆಗೆಸುತ್ತಾರೆ. ಬಸುರಿಯಾಗಿದ್ದರೆ ಎಕ್ಸ್‌ರೇಗೆ ಮುಂಚೆಯೇ ತಿಳಿಸಿ.

ಐದು ನಿಮಿಷದಲ್ಲಿ ಕ್ಷಯ ಹೇಳುತ್ತೇವೆನ್ನುವ ರಕ್ತದ ಕಾರ್ಡ್ ಕಿಟ್‌ಗಳ ತಂಟೆಗೇ ಹೋಗಬೇಡಿ. ಅಂಥ ಪ್ರತಿಕಾಯ ಕಿಟ್‌ಗಳನ್ನು ಸರ್ಕಾರ 2012ರಲ್ಲೇ ನಿಷೇಧಿಸಿದೆ. ಇಗ್ರಾ ಎಂಬ ರಕ್ತಪರೀಕ್ಷೆ ಬೇರೆ. ದುಬಾರಿ, ಆದರೆ ಒಮ್ಮೆ ಹೋದರೆ ಸಾಕು.

ಇನ್ನು ಹೆಪಟೈಟಿಸ್ ಬಿ. ಎಚ್‌ಬಿಎಸ್‌ಎಜಿ ನೋಡುವುದು ವೈರಸ್ ಇದೆಯೇ ಎಂದು. ಆ್ಯಂಟಿ ಎಚ್‌ಬಿಎಸ್ ನೋಡುವುದು ಲಸಿಕೆ ಹಿಡಿದಿದೆಯೇ ಎಂದು. ಎರಡನೆಯದನ್ನು ಕೇಳಿದರೆ ಮೊದಲನೆಯದರ ವರದಿ ಹಿಡಿದು ಬರುವವರಿಗೆ ಲೆಕ್ಕವಿಲ್ಲ. 0, 1, 6 ತಿಂಗಳಿನ ಮೂರು ಡೋಸ್ ಮುಗಿದು ಒಂದೆರಡು ತಿಂಗಳಿಗೆ ನೋಡಿದಾಗ ಆ್ಯಂಟಿ ಎಚ್‌ಬಿಎಸ್ ಅಂಕಿ 10 ಅಥವಾ ಹೆಚ್ಚಿರಬೇಕು. ಲಸಿಕೆ ಹಾಕಿಸಿದ ಮರುದಿನವೇ ಎಚ್‌ಬಿಎಸ್‌ಎಜಿಗೆ ರಕ್ತ ಕೊಡಬೇಡಿ, ಸುಮ್ಮನೆ ಪಾಸಿಟಿವ್ ತೋರಿಸೀತು. ದಡಾರ, ಚಿಕನ್‌ಪಾಕ್ಸ್ ಚುಚ್ಚುಮದ್ದು ಬಾಕಿಯಿದ್ದರೆ ಮಾಂಟೂ ಫಲಿತಾಂಶ ನೋಡಿಸಿದ ಮೇಲೆ ಹಾಕಿಸಿಕೊಳ್ಳಿ.

ಎಚ್‌ಐವಿ ಪರೀಕ್ಷೆ ಮಾಡಿಸಿದರೇ ಕೆಲಸ ಎನ್ನುವಂತಿಲ್ಲ, 2017ರ ಕಾಯ್ದೆ ಅದಕ್ಕೆ ಅಡ್ಡ ನಿಂತಿದೆ.

ಫಿಟ್‌ನೆಸ್ ಸರ್ಟಿಫಿಕೇಟ್ ಕೊನೆಗೆ. ವೈದ್ಯರ ನೋಂದಣಿ ಸಂಖ್ಯೆ, ಮೊಹರು, ತಾರೀಕು ಮೂರೂ ಇವೆಯೇ ಎಂದು ಕೌಂಟರ್ ಬಿಡುವ ಮುನ್ನವೇ ನೋಡಿಕೊಳ್ಳಿ. ಜೆರಾಕ್ಸ್ ಆಫೀಸಿಗೆ ಕೊಡಿ, ಅಸಲು ನಿಮ್ಮ ಹತ್ತಿರವೇ ಇರಲಿ.